ಜೇಬಿನ ಫ್ಯೂಸು

ಮಾದೇಶ ಬೇಕೆಂದೇ ಸ್ವಿಚ್ಚು ಹಾಕಿದ ಎಂಬುದರಲ್ಲಿ ಪುಟ್ಟಲಕ್ಷ್ಮಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳ ಗಂಡ ತಿಮ್ಮಯ್ಯ ನರಸೀಪುರದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿ ಎರಡು ದಿನವಾಗಿತ್ತು. ಬಲಗೈಯ ಬೆರಳುಗಳು ಸುಟ್ಟು ಕರಕಾಗಿದ್ದವು. ಜೀವ ಉಳಿದರೂ ಆ ಕೈ ಮತ್ತೆ ಸ್ಕ್ರೂಡ್ರೈವರ್ ಹಿಡಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮಾದೇಶನನ್ನು ಜೈಲಿಗೆ ಕಳಿಸದೆ ಮೂಗೂರಿಗೆ ಕಾಲಿಡುವುದಿಲ್ಲ ಎಂದು ಅವಳು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತೇ ತೀರ್ಮಾನಿಸಿದ್ದಳು.

ಹೇಳಿಕೆ ಬರೆದುಕೊಳ್ಳಲು ಹೆಡ್ ಕಾನ್‌ಸ್ಟೆಬಲ್ ಶಿವಣ್ಣ ಬಂದು ಪಕ್ಕದಲ್ಲಿ ಕೂತರು. ಗಂಡನ ಹೆಸರೇನು ಎಂದು ಕೇಳಿದರು. ಅವಳು ಚೀಲದಿಂದ ಆಧಾರ್ ಕಾರ್ಡು ತೆಗೆದು ಮುಂದೆ ಹಿಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ಅವನು ಹೀಗೆ ಮಲಗಿರುವಾಗ ಬರುವುದುಂಟೇ? ಶಿವಣ್ಣ ಇಂಥವರನ್ನು ದಿನಾ ನೋಡುವವರು. ಸುಮ್ಮನೆ ಕಾರ್ಡು ನೋಡಿ ಬರೆದುಕೊಂಡರು.

ಗಂಡ ಹೆಂಡತಿ ಇಬ್ಬರೂ ಮೂಗೂರು ರಸ್ತೆಯ ಅಕ್ಕಿ ಗಿರಣಿಯಲ್ಲಿ ದುಡಿಯುವವರು. ಅವಳು ಗುಡಿಸುತ್ತಿದ್ದಳು, ಮೂಟೆ ಹೊಲಿಯುತ್ತಿದ್ದಳು. ಅವನು ಮೆಕ್ಯಾನಿಕ್ಕು. ಅಲ್ಲೊಂದು ಯಂತ್ರವಿತ್ತು. ಅಕ್ಕಿಯನ್ನು ಕ್ಯಾಮೆರಾದಲ್ಲಿ ನೋಡಿ ಕಪ್ಪು ಕಾಳನ್ನು ಗಾಳಿಯಿಂದ ಊದಿ ಹಾರಿಸುವಂಥದು. ಅದರ ಹೊಟ್ಟೆಯ ತುಂಬ ಸರ್ಕ್ಯೂಟ್ ಕಾರ್ಡು, ವೈರು. ಅದರೊಳಗೆ ಕೈ ಹಾಕುವ ಮೊದಲು ತಿಮ್ಮಯ್ಯ ಅಂಗಳದಾಚೆಯ ಕರೆಂಟಿನ ಬೋರ್ಡ್ ರೂಮಿಗೆ ಹೋಗಿ ಫ್ಯೂಸು ಕಿತ್ತು ತನ್ನ ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಸ್ವಿಚ್ಚು ಆರಿಸಿದರೆ ಸಾಲದೇ ಎಂದು ನಕ್ಕವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದ.

“ಫ್ಯೂಸು ನನ್ ಜೇಬಲ್ಲಿದ್ರೆ ಯಾರ್ ಮಾತೂ ನಂಬ್ಕಂಡ್ ಕೂರ್ಬೇಕಿಲ್ಲ ಕಣ್ಲಾ.”

ಹೋದ ವರ್ಷ ಹೊಸ ಬೋರ್ಡು ಬಂತು. ಫ್ಯೂಸಿನ ಜಾಗದಲ್ಲಿ ಎತ್ತಿ ಇಳಿಸುವ ಸ್ವಿಚ್ಚು. ಅದಕ್ಕೊಂದು ಬೀಗ ತರಿಸಿಕೊಡಿ, ಕೀಲಿ ನನ್ನ ಹತ್ತಿರ ಇರಲಿ ಎಂದು ತಿಮ್ಮಯ್ಯ ಮೂರು ಸಲ ಕೇಳಿದ. ಗಿರಣಿಯ ಮಾಲೀಕರು ನಂಜುಂಡಸ್ವಾಮಿ. ಕೆಲಸದವರ ಬಾಯಲ್ಲಿ ಬರೀ ಯಜಮಾನರು. ಅವರು ಮೂರು ಸಲವೂ ನೋಡೋಣ ಎಂದರು, ನೋಡಲಿಲ್ಲ. ಅಲ್ಲಿಂದಾಚೆ ಕೆಲಸ ಬಾಯಿಮಾತಿನ ಮೇಲೆ ನಡೆಯಿತು. ತಿಮ್ಮಯ್ಯ ತಾನೇ ಬಂದು, ಇಲ್ಲವೇ ಹೆಂಡತಿಯನ್ನು ಕಳಿಸಿ ಹೇಳುವವರೆಗೆ ಬೋರ್ಡ್ ರೂಮಿನ ಮಾದೇಶ ಸ್ವಿಚ್ಚು ಮುಟ್ಟುವಂತಿರಲಿಲ್ಲ.

ಆವತ್ತು ತಿಮ್ಮಯ್ಯ ಬರಲಿಲ್ಲ. ಯಾರನ್ನೂ ಕಳಿಸಲೂ ಇಲ್ಲ. ಆದರೂ ಮಾದೇಶ ಸ್ವಿಚ್ಚು ಎತ್ತಿದ.

ಯಾಕೆ ಎಂಬುದೂ ಪುಟ್ಟಲಕ್ಷ್ಮಿಗೆ ಗೊತ್ತಿತ್ತು. ಕೆಲಸದ ಹೊತ್ತಿನಲ್ಲಿ ಫೋನಿನಲ್ಲಿ ಮುಳುಗಿರುತ್ತಾನೆ, ಇಂಥವನ ಕೈಗೆ ನನ್ನ ಜೀವ ಕೊಡಬೇಡಿ ಎಂದು ತಿಮ್ಮಯ್ಯ ವಾರದ ಕೆಳಗೆ ಮಾಲೀಕರಿಗೆ ದೂರಿದ್ದ. ಮಾದೇಶನಿಗೆ ಎಲ್ಲರೆದುರು ಮಂಗಳಾರತಿಯಾಗಿತ್ತು. ಇನ್ನೊಮ್ಮೆ ಕೈಯಲ್ಲಿ ಫೋನು ಕಂಡರೆ ಮನೆಗೆ ಕಳಿಸುತ್ತೇನೆ ಎಂದಿದ್ದರು ಮಾಲೀಕರು. ಅಂದಿನಿಂದ ಅವನು ತಿಮ್ಮಯ್ಯನ ಮುಖ ನೋಡಿ ಮಾತಾಡಿರಲಿಲ್ಲ.

“ಇಷ್ಟಾದ್ರೂ ನಾನು ಅವುನ್ಗೆ ಉಪ್ಕಾರನೇ ಮಾಡ್ದೆ ಸಾ,” ಎಂದಳು ಪುಟ್ಟಲಕ್ಷ್ಮಿ.

ಆ ಬೆಳಿಗ್ಗೆ ತಿಮ್ಮಯ್ಯ ಯಂತ್ರದೊಳಗೆ ತೋಳು ತೂರಿಸಿ ಕೂತಿದ್ದ. ಮಾಲೀಕರು ಪಕ್ಕದಲ್ಲೇ ನಿಂತು, ಇನ್ನೂ ಎಷ್ಟು ಹೊತ್ತು ಎಂದು ಸಿಡುಕಿ, ಬೇಸತ್ತು ಅಂಗಳದ ಕಡೆ ಹೊರಟರು. ಅವರಿಗಿಂತ ತುಸು ಮುಂದೆ ಕಸದ ಬಾಂಡ್ಲಿ ಹೊತ್ತು ಬಂದ ಪುಟ್ಟಲಕ್ಷ್ಮಿಗೆ ಬೋರ್ಡ್ ರೂಮಿನ ಬಾಗಿಲಲ್ಲಿ ಮಾದೇಶ ಕಂಡ. ಕೈಯಲ್ಲಿ ಅದೇ ಫೋನು. ಮುನಿಸಿದ್ದರೇನಂತೆ, ಅವನಿಗೂ ಹೆಂಡತಿ ಮಕ್ಕಳಿದ್ದಾರಲ್ಲ ಎನಿಸಿತು. ಮಾಲೀಕರು ಹೊರಗೆ ಬಂದ ಸುದ್ದಿಯನ್ನು ಅವನ ಕಿವಿಗೆ ಹಾಕಿ ತಿಪ್ಪೆಯ ಕಡೆ ನಡೆದಳು. ಅವನು ಫೋನು ಜೇಬಿಗೆ ತುರುಕಿ ಸರಕ್ಕನೆ ಒಳಗೆ ಹೋದದ್ದನ್ನೂ ಕಂಡಳು. ಅವಳು ಹತ್ತು ಹೆಜ್ಜೆ ಹೋಗಿರಲಿಲ್ಲ, ಗಿರಣಿಯೊಳಗಿಂದ ಕೂಗು ಕೇಳಿಸಿತು.

“ಕೆಲ್ಸ ಉಳ್ಸ್ದೋಳ್ಗೆ ಮಾಡೋ ಕೆಲ್ಸನಾ ಸಾ ಇದು?”

ಶಿವಣ್ಣ ಪೆನ್ನು ನಿಲ್ಲಿಸಿದರು. ಮಾದೇಶ ಏನನ್ನೂ ಅಲ್ಲಗಳೆಯುತ್ತಿಲ್ಲ ಎಂದರು. ಎರಡು ದಿನದಿಂದ ಎಷ್ಟು ಗದರಿಸಿದರೂ ಅವನದು ಒಂದೇ ಮಾತಂತೆ: “ತಪ್ಪು ನಂದೇ ಸಾ. ಅಕ್ಕನ್ನ ಮಾತ್ರ ಏನೂ ಕೇಳ್ಬ್ಯಾಡಿ.”

ಕೇಳಿದರೆ ಬಣ್ಣ ಬಯಲಾಗುತ್ತದಲ್ಲ, ಅದಕ್ಕೇ ಹೆದರುತ್ತಿದ್ದಾನೆ ಎಂದಳು ಪುಟ್ಟಲಕ್ಷ್ಮಿ. ಅವನು ಆಸ್ಪತ್ರೆಯ ಗೇಟಿನ ಬಳಿ ಊಟ ತಿಂಡಿ ಬಿಟ್ಟು ಕೂತಿರುವುದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಅದೆಲ್ಲ ನಾಟಕ ಎಂದಳು.

ಶಿವಣ್ಣ ಬರೆದದ್ದನ್ನು ಓದಿ ಹೇಳಿದರು. ಹಳೆಯ ದ್ವೇಷದಿಂದ, ಬೇಕೆಂದೇ, ಕೊಲ್ಲುವ ಉದ್ದೇಶದಿಂದ ಎಂಬ ಮಾತುಗಳೆಲ್ಲ ಅದರಲ್ಲಿದ್ದವು. ಸಹಿ ಬಿದ್ದರೆ ಸಾಕು, ಮಾದೇಶನನ್ನು ಕರೆದೊಯ್ಯಲು ಕೆಳಗೆ ಜೀಪು ನಿಂತಿತ್ತು. ಎಲ್ಲ ಸರಿಯಾಗಿದೆಯೇ ಎಂದು ಕೇಳಿದರು. ಸರಿಯಾಗಿದೆ ಎಂದಳು. ಪೆನ್ನು ಹಿಡಿದು ಒಂದೊಂದೇ ಅಕ್ಷರ ಕೂಡಿಸುತ್ತಾ ಅರ್ಧ ಹೆಸರು ಬರೆಯುವಷ್ಟರಲ್ಲಿ ವಾರ್ಡಿನ ಬಾಗಿಲು ತೆರೆಯಿತು. ನರ್ಸ್ ರೋಜಾ ನಗುಮುಖದಿಂದ ಹೊರಗೆ ಬಂದಳು.

“ಬನ್ನಿ ಅಮ್ಮ, ಯಜಮಾನ್ರು ಕಣ್ಣು ಬಿಟ್ರು.”

ಪುಟ್ಟಲಕ್ಷ್ಮಿ ದಡಕ್ಕನೆ ಎದ್ದಳು. ಅವಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಸೆರಗಿನಲ್ಲಿ ಮುಖ ಒರೆಸಿಕೊಂಡು ಬಾಗಿಲ ಕಡೆ ಓಡಿದವಳು ಹೊಸ್ತಿಲಲ್ಲಿ ನಿಂತುಬಿಟ್ಟಳು. ಏನಾಯಿತಮ್ಮ ಎಂದರು ಶಿವಣ್ಣ. ಅವಳು ತಿರುಗಿ ಬಂದು, ಅರ್ಧ ಸಹಿಯಾಗಿದ್ದ ಕಾಗದದ ಮೇಲೆ ಅಂಗೈ ಇಟ್ಟಳು.

“ನಾನೂ ಅವತ್ತು ಇಂಗೇ ಅಂದಿದ್ದು ಸಾ. ‘ಯಜಮಾನ್ರು ಆಚೆಗ್ ಬಂದ್ರು ಕಣೋ ಮಾದೇಶ’ ಅಂತ.”