ವೀಣೆ ಕೇಳಿದ ಟೊಮೆಟೊ

ವೀಣೆ ಕೇಳಿಸಿದರೆ ಟೊಮೆಟೊ ಗಿಡ ಹೆಚ್ಚು ಹಣ್ಣು ಬಿಡುತ್ತದೆಂದು ತೋರಿಸಿ ಹೆಸರಾದ ಪ್ರೊಫೆಸರ್ ವಿಚಾರಸಂಕಿರಣದಲ್ಲಿ ಮೊದಲ ಸಾಲಿನಲ್ಲೇ ಕೂತಿದ್ದರು. ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದ್ದ ಸಂಶೋಧನಾ ವಿದ್ಯಾರ್ಥಿನಿ ಶಾಲ್ಮಲಿ ವೇದಿಕೆ ಹತ್ತುವ ಮುನ್ನ ಅವಳ ಗೈಡ್ ಪಿಸುಗುಟ್ಟಿದರು: "ನಿನ್ನ ಪಿಎಚ್‌ಡಿಗೆ ಸಹಿ ಹಾಕೋರು ಅವರೇ ಕಣಮ್ಮ. ಅವರ ಫಲಿತಾಂಶ ನಿನಗೆ ಬರಲಿಲ್ಲ ಅಂತ ಮಾತ್ರ ಹೇಳ್ಬೇಡ."

"ಬಂದಿಲ್ವಲ್ಲ ಸರ್, ಏನ್ ಮಾಡ್ಲಿ?"

ಅವಳು ಎಲ್ಲ ಅಂಕಿಅಂಶಗಳನ್ನೂ ಪರದೆಯ ಮೇಲೆ ತೆರೆದಿಟ್ಟಳು. "ಎಷ್ಟು ಸಲ ಮಾಡಿದರೂ ವೀಣೆ ಕೇಳಿದ ಗಿಡಕ್ಕೂ ಕೇಳದ ಗಿಡಕ್ಕೂ ವ್ಯತ್ಯಾಸ ಕಾಣಲಿಲ್ಲ," ಎಂದಳು.

ಪ್ರೊಫೆಸರ್ ಎದ್ದು ನಿಂತು ಮೈಕ್ ಕೇಳಿ ಪಡೆದರು.

"ಸದ್ಯ! ಎರಡನೇ ಸಲ ಮಾಡಿದಾಗ ನನಗೂ ಬಂದಿರಲಿಲ್ಲಮ್ಮ. ನಾನೇ ವೀಣೆ ಸರಿಯಾಗಿ ನುಡಿಸಲಿಲ್ಲ ಅಂದ್ಕೊಂಡಿದ್ದೆ."