ಖಾರಪುಡಿಯ ಶಿಷ್ಯ

“ಕೆಂಪು ದೀಪಕ್ಕೆ ಯಾಕೋ ನಿಂತೆ?” ಎಂದು ಅವಳು ಗದರಿದಳು. “ಇದು ರೇಸು. ಎಲ್ಲರೂ ನಿನ್ನ ದಾಟಿ ಹೋದರು. ಇಳಿದು ತಳ್ಳು, ಬೇಗ ಹೋಗುತ್ತೆ.”

ಫೋನಿನ ಪರದೆಯ ಮೇಲೆ ಉತ್ತರ ಮೂಡಿತು: ‘ಕ್ಷಮಿಸಿ. ಅಡ್ಡರಸ್ತೆಯಿಂದ ಯಾರಾದರೂ ಬರಬಹುದು ಎನಿಸಿತು.’

ಯಾರೂ ಬರುವುದಿಲ್ಲ; ಅದು ಆಟ. ಇಬ್ಬಿಬ್ಬರು ಜೋಡಿಯಾಗಿ ಆಡುವ ಕಾರಿನ ಆಟ. ಅಲ್ಲಿ ಅವಳ ಹೆಸರು ಖಾರಪುಡಿ. ಅವಳಿಗೆ ಗಂಟುಬಿದ್ದಿದ್ದ ಜೊತೆಗಾರ ನಿಧಾನಿ. ಅವನೆಂದೂ ಬಾಯಿ ಬಿಟ್ಟವನಲ್ಲ, ಟೈಪ್ ಮಾಡುತ್ತಿದ್ದ. ಅವಳು ಮಾತ್ರ ಇಬ್ಬರ ಪಾಲಿನದ್ದನ್ನೂ ಮಾತಾಡುತ್ತಿದ್ದಳು.

ತರಕಾರಿ ಹೆಚ್ಚುತ್ತಿದ್ದ ಅಕ್ಕನಿಗೆ ಕೇಳಿ ಸಾಕಾಗಿತ್ತು. “ಆಟ ಬರದವರನ್ನ ಹಾಗೆ ಮುಖಕ್ಕೆ ಹೊಡೆದ ಹಾಗೆ ಅಂತಾರೇನೇ? ಪಾಪ, ಎಷ್ಟು ನೊಂದ್ಕೊಳ್ತಾನೋ.”

“ಬೈತಿಲ್ಲ ಅಕ್ಕ, ತಿದ್ದುತಿದೀನಿ. ಚೆನ್ನಾಗಿ ಓಡಿಸ್ತೀಯ ಅಂತ ಸುಳ್ಳು ಹೇಳಿ ಗೋಡೆಗೆ ಗುದ್ದಿಸೋದು ಮರ್ಯಾದೆನಾ? ಆ ಕೆಲಸ ಹಗಲೆಲ್ಲ ಮಾಡ್ತೀನಲ್ಲ, ನಿನ್ನ ಗಂಡನ ದಯೆಯಿಂದ.”

ಅಕ್ಕನ ಗಂಡನದು ಡ್ರೈವಿಂಗ್ ಸ್ಕೂಲು. ಅವಳು ಅಲ್ಲಿ ಕಲಿಸುವವಳು. ಅವಳ ನಾಲಿಗೆಯ ಮೇಲೆ ಎರಡು ದೂರು ಬಂದಾಗ ಭಾವ ಕಡ್ಡಿ ಮುರಿದಂತೆ ಹೇಳಿದ್ದರು: ಇನ್ನೊಂದು ಬಂದರೆ ಕಾರು ಬಿಟ್ಟು ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ. ಅಂದಿನಿಂದ ಅವಳ ಬಾಯಲ್ಲಿ ಬರೀ ಬೆಣ್ಣೆ. ಶಿಷ್ಯರು ಫುಟ್‌ಪಾತ್ ಹತ್ತಿಸಿದರೂ ‘ಪರವಾಗಿಲ್ಲ, ಚೆನ್ನಾಗಿತ್ತು’ ಎನ್ನುತ್ತಿದ್ದಳು.

ಆ ಬೆಣ್ಣೆ ತಿಂದೇ ಎರಡು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಬಿದ್ದಿದ್ದ ಗಡಿಯಾರ ರಿಪೇರಿಯವನು. ಅವನ ಹೆಂಡತಿಗೆ ದಿನ ತುಂಬುತ್ತಿತ್ತು. ಮನೆಯಲ್ಲಿ ಕಾರು ಓಡಿಸಲು ಬರುತ್ತಿದ್ದುದು ಅವಳೊಬ್ಬಳಿಗೇ.

“ಹೆರಿಗೆಗೂ ನಾನೇ ಓಡಿಸ್ಕೊಂಡು ಹೋಗ್ಬೇಕಾ ಅಂತ ಕೇಳ್ತಾಳೆ ಟೀಚರ್,” ಎಂದು ಅವನು ಅಳುಮುಖ ಮಾಡಿದ.

ಮರುದಿನ ಬೆಳಿಗ್ಗೆ ಖಾಲಿ ಕೂಡುರಸ್ತೆಯೊಂದರಲ್ಲಿ ಅವನು ಗಕ್ಕನೆ ಬ್ರೇಕ್ ಹಾಕಿದ.

“ಯಾಕೆ ನಿಲ್ಲಿಸಿದ್ರಿ?” ಎಂದಳು, ಬೆಣ್ಣೆ ದನಿಯಲ್ಲಿ.

“ಕ್ಷಮಿಸಿ ಟೀಚರ್. ಅಡ್ಡರಸ್ತೆಯಿಂದ ಯಾರಾದ್ರೂ ಬರಬಹುದು ಅನ್ನಿಸ್ತು. ನಿಯಮದ ಪುಸ್ತಕದಲ್ಲಿ ಹಾಗೇ ಇದೆಯಲ್ಲ.”

ಅವಳ ಕಿವಿ ನೆಟ್ಟಗಾಯಿತು. ಅದೇ ಕ್ಷಮೆ, ಅದೇ ಅಡ್ಡರಸ್ತೆ. ನಿಧಾನಿ ಇವನೇ, ಈ ಬೆಣ್ಣೆ ದನಿಯಲ್ಲಿ ನನ್ನ ಗುರುತು ಸಿಕ್ಕಿಲ್ಲ ಎಂದುಕೊಂಡಳು. ಅವಳು ನಗು ತಡೆಯಲಾಗದೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಆ ಸಂಜೆಯಿಂದ ಖಾರಪುಡಿ ಕಾರಣವಿಟ್ಟುಕೊಂಡು ಬೈಯತೊಡಗಿದಳು. ಹಗಲು ನುಂಗಿಕೊಂಡದ್ದನ್ನೆಲ್ಲ ಸಂಜೆ ನಿಧಾನಿಯ ತಲೆಯ ಮೇಲೆ ಸುರಿದಳು. ಬಸವನಹುಳು ಎಂದಳು. ನಿನಗಿಂತ ಗೇರ್ ಬಾಕ್ಸಿಗೇ ಬುದ್ಧಿ ಜಾಸ್ತಿ ಎಂದಳು. ‘ಕ್ಷಮಿಸಿ, ಇನ್ನೊಮ್ಮೆ ಆಡೋಣವೇ?’ ಎಂದು ಅವನು ಬರೆಯುತ್ತಿದ್ದ.

ಔಷಧಿ ಹತ್ತಿತು. ದಿನ ಕಳೆದಂತೆ ಗಡಿಯಾರದವನು ಗಕ್ಕನೆ ಬ್ರೇಕ್ ಹಾಕುವುದು ನಿಂತಿತು. ಕಾರು ತಿರುವಿನಲ್ಲಿ ನೀರಿನ ಹಾಗೆ ಹರಿಯಿತು.

“ಸಂಜೆ ಹೊತ್ತು ಅಭ್ಯಾಸ ಜೋರಾಗಿ ನಡೀತಿದೆ ಅನ್ಸುತ್ತೆ,” ಎಂದು ಅವಳು ಕೆಣಕಿದಳು.

ಅವನು ಕೆಂಪಾದ. “ನಿಮಗೆ ಹೇಗೆ ಗೊತ್ತಾಯ್ತು? ಹೌದು, ಒಬ್ಬರು ಹೇಳಿಕೊಡ್ತಾರೆ. ಬಾಯಿ ಸ್ವಲ್ಪ ಜಾಸ್ತಿ. ಆದ್ರೆ ಅವರು ಬೈದ್ರೇನೇ ತಲೆಗೆ ಹತ್ತೋದು.”

ಅವಳು ಮನೆಗೆ ಬಂದವಳೇ ಅಕ್ಕನಿಗೆ ಈ ಮಾತನ್ನು ಒಪ್ಪಿಸಿದಳು, ಇಷ್ಟು ಉಪ್ಪು ಸೇರಿಸಿ. ಆಟದಲ್ಲಿ ಮಾತ್ರ ನಿಧಾನಿ ಅಷ್ಟಕ್ಕಷ್ಟೇ. ಒಂದು ಸಂಜೆ ಕೊನೆಯಿಂದ ಎರಡನೆಯವನಾಗಿ ಬಂದ. ಅದಕ್ಕೂ ಬೈದಳು.

ಪರೀಕ್ಷೆಯ ದಿನ ಬಂತು. ಹೊಸದಾಗಿ ವರ್ಗವಾಗಿ ಬಂದಿದ್ದ ಪರೀಕ್ಷಕರು ಮುಂದಿನ ಸೀಟಿನಲ್ಲಿ ಕೂತು ಬೆಲ್ಟನ್ನು ಎಳೆದೆಳೆದು ನೋಡಿದರು. ನಗುವಿಗೂ ದಂಡ ಹಾಕುವ ಮುಖ. ಕಲಿಸಿದವರು ಹಿಂದಿನ ಸೀಟಿನಲ್ಲಿ ತುಟಿ ಬಿಚ್ಚದೆ ಕೂರಬೇಕು, ಅವಳು ಕೂತಳು.

ಗಡಿಯಾರದವನು ಏರು ಹತ್ತಿಸಿದ, ರಿವರ್ಸ್ ತೆಗೆದ, ಇಕ್ಕಟ್ಟಿನಲ್ಲಿ ಪಾರ್ಕ್ ಮಾಡಿದ. ಕೊನೆಯ ಸಿಗ್ನಲ್ಲಿಗೆ ಬಂದ. ಕೆಂಪು ಹೋಗಿ ಹಸಿರು ಬಂತು. ಕಾರು ಕದಲಲಿಲ್ಲ. ಹಿಂದೆ ಹಾರನ್ನುಗಳು ಶುರುವಾದವು. ಅವನ ಕತ್ತು ಬೆವರಿತು. ಅವಳು ತುಟಿ ಕಚ್ಚಿದಳು, ಸೀಟು ಹಿಡಿದಳು, ಆಗಲಿಲ್ಲ.

“ಹಸಿರಾಯ್ತು ಕಣೋ ಬಸವನಹುಳು. ಇನ್ನೂ ಹಣ್ಣಾಗಲಿ ಅಂತ ಕಾಯ್ತಿದೀಯಾ?”

ಕಾರು ಹೊರಟಿತು. ನೆಟ್ಟಗೆ ಹೋಗಿ, ಗೆರೆಯೊಳಗೆ ನಿಂತಿತು.

ಪರೀಕ್ಷಕರು ಕನ್ನಡಿಯಲ್ಲಿ ಅವಳನ್ನೇ ದಿಟ್ಟಿಸುತ್ತಿದ್ದರು. ಅವಳಿಗೆ ಭಾವನ ಆಫೀಸಿನ ಫೋನು ಈಗಲೇ ರಿಂಗಾದಂತಾಯಿತು.

“ಪಾಸು,” ಎಂದರು ಕೊನೆಗೆ. “ನೀವು ಇಳೀರಿ. ಟೀಚರ್ ಇರಲಿ.”

ಅವನು ಇಳಿದು ಗೇಟಿನ ಕಡೆ ಓಡಿದ. ಅಲ್ಲಿ ಹೊಟ್ಟೆ ಹಿಡಿದು ನಿಂತಿದ್ದ ಹೆಂಡತಿಯ ದನಿ ಕಾರಿನೊಳಗೂ ಕೇಳಿಸಿತು: “ಪಾಸಾದ್ಯಾ? ಅಬ್ಬಾ, ದಿನಾ ಸಂಜೆ ನಿನ್ನ ಪಕ್ಕ ಕೂತು ಗಂಟಲು ಹರ್ಕೊಂಡಿದ್ದು ಸಾರ್ಥಕ ಆಯ್ತು.”

ಅವಳು ಬೆಪ್ಪಾಗಿ ಕಿಟಕಿಯಾಚೆ ನೋಡಿದಳು. ಪಕ್ಕ ಕೂತು ಕಲಿಸಿದವಳು ಹೆಂಡತಿಯಾದರೆ ಫೋನಿನಲ್ಲಿದ್ದವನು ಯಾರು?

“ಸರ್, ನಾನು ಬಾಯಿ ಬಿಡಬಾರದಿತ್ತು,” ಎಂದಳು. “ದಯವಿಟ್ಟು ದೂರು ಕೊಡಬೇಡಿ.”

ಪರೀಕ್ಷಕರು ನಿಧಾನವಾಗಿ ಹಿಂದಕ್ಕೆ ತಿರುಗಿದರು. ದಂಡ ಹಾಕುವ ಮುಖ ಯಾಕೋ ಚಿಕ್ಕದಾಗಿತ್ತು.

“ಕ್ಷಮಿಸಿ ಖಾರಪುಡಿ ಮೇಡಂ,” ಎಂದರು, “ಮೊನ್ನೆ ನಾನು ಕೊನೆಯಿಂದ ಎರಡನೆಯವನಾಗಿ ಬಂದೆ, ಅದಕ್ಕಾದ್ರೂ ಒಂದು ಒಳ್ಳೆ ಮಾತು ಹೇಳಬಹುದಿತ್ತಲ್ಲ?”