ಅಮ್ಮನ ಫಿಲ್ಟರ್

ಅವನು ಕೂಡಿಹಾಕಿದ ಹಳೇ ಕಾಲದ ಕಾಫಿ ಫಿಲ್ಟರ್, ಪರ್ಕೊಲೇಟರ್‌ಗಳು ಷೋಕೇಸ್ ತುಂಬಿ ಫ್ರಿಜ್ ಮೇಲಕ್ಕೂ ಹತ್ತಿದ್ದವು. "ಇನ್ನೊಂದು ಕೊಂಡು ತಂದರೆ ಎಲ್ಲವೂ ಗುಜರಿಗೆ" ಎಂದು ಹೆಂಡತಿ ಎಚ್ಚರಿಸಿದ್ದಳು. ಆದರೂ ಆ ಭಾನುವಾರ ಸಂತೆಯಲ್ಲಿ ಹಿತ್ತಾಳೆಯ ಫಿಲ್ಟರೊಂದನ್ನು ಕೊಂಡು, ಸೊಪ್ಪಿನ ಕೆಳಗೆ ಮುಚ್ಚಿಟ್ಟು ತಂದ. ಬಾಗಿಲಲ್ಲೇ ಸಿಕ್ಕಿಬಿದ್ದ.

"ಏನ್ರೀ ಅದು?"

"ಕೊಂಡಿದ್ದಲ್ಲ ಕಣೇ. ನಮ್ಮಮ್ಮಂದು. ಚಿಕ್ಕಪ್ಪನ ಮನೆ ಅಟ್ಟದಲ್ಲಿ ಬಿದ್ದಿತ್ತು."

ಅವಳ ಮುಖ ಮೆತ್ತಗಾಯಿತು. "ಅತ್ತೆಯದಾ? ಹಾಗಾದ್ರೆ ನಮಗೆ ಬೇಡ. ತಾಯಿಯ ಪಾತ್ರೆ ಮಗಳಿಗೇ ಸೇರಬೇಕು." ಅವನು ಬಾಯಿ ತೆರೆಯುವುದರೊಳಗೆ ಅವನ ಅಕ್ಕನಿಗೆ ಫೋನ್ ಹೋಗಿತ್ತು.

"ಅಕ್ಕನಿಗೆ ಇದೆಲ್ಲ ಎಲ್ಲಿ ನೆನಪಿರುತ್ತೇ?" ಎಂದು ಗೋಗರೆದ.

"ನೆನಪಿಲ್ಲ ಅಂದ್ರೆ ಇಲ್ಲೇ ಇರಲಿ, ಬಿಡಿ."

ಅವನಿಗೆ ಹೋದ ಜೀವ ಬಂತು. ಎಂದೂ ಕಾಣದ ಫಿಲ್ಟರು ಯಾರಿಗೆ ನೆನಪಿದ್ದೀತು?

ಸಂಜೆಯೇ ಅಕ್ಕ ಬಂದಳು. ಫಿಲ್ಟರನ್ನು ತಿರುಗಿಸಿ ತಿರುಗಿಸಿ ನೋಡಿ, ಎದೆಗವಚಿಕೊಂಡು ಕಣ್ಣೊರೆಸಿಕೊಂಡಳು.

"ಮರೆಯೋದುಂಟೇನೋ? ಈ ನೆಗ್ಗು ನೋಡು, ಮೂರನೇ ಕ್ಲಾಸಿನಲ್ಲಿದ್ದಾಗ ನಾನೇ ಬೀಳಿಸಿ ಅಮ್ಮನ ಕೈಲಿ ಏಟು ತಿಂದಿದ್ದು!"